ಎಲ್ಲರ ಕಟ್ಟಿಗೆಗೂ ಒಂದೇ ಒಲೆ

ನಮ್ಮ ಮನೆಯ ಹಿತ್ತಲಲ್ಲಿ ಒಂದು ಕಬ್ಬಿಣದ ಕೊಳವೆ ನಿಂತಿದೆ. ಒಂದು ತುದಿ ತುತ್ತೂರಿಯ ಬಾಯಿಯಂತೆ ಅಗಲವಾಗಿದೆ, ಇನ್ನೊಂದು ತುದಿ ಬಿರಿದು ಹೂವಿನ ಎಸಳಿನ ಹಾಗೆ ಹೊರಕ್ಕೆ ಮಡಚಿದೆ. ಅದಕ್ಕೆ ಬಸಳೆ ಬಳ್ಳಿ ಹಬ್ಬಿಸಿದ್ದೇವೆ. ಬಂದವರು ಬಸಳೆಯನ್ನು ಹೊಗಳುತ್ತಾರೆ, ಒಂದೆರಡು ದಂಟು ಕೇಳಿ ಒಯ್ಯುತ್ತಾರೆ. ಕೊಳವೆ ಎಲ್ಲಿಯದೆಂದು ಯಾರೂ ಕೇಳಿಲ್ಲ. ಕೇಳದಿರುವುದೇ ಕ್ಷೇಮವೆಂದು ನಾನೂ ಸುಮ್ಮನಿದ್ದೆ.

ಆದರೆ ಈಚೆಗೆ ಒಂದು ಪತ್ರಿಕೆಯಲ್ಲಿ ಗ್ಯಾಸ್ ಟರ್ಬೈನ್ ಎಂಬ ಹೊಸ ಯಂತ್ರದ ಬಗ್ಗೆ ಓದಿದೆ. ಉರಿಯ ಬಿಸಿಗಾಳಿಯಿಂದಲೇ ಚಕ್ರ ತಿರುಗಿಸುವ ಯಂತ್ರವಂತೆ. ಒಳ್ಳೆಯ ಎಣ್ಣೆ ಹಾಕಿದರೆ ಅದರ ಒಲೆ ಒಂದು ರೀತಿ ಉರಿಯುತ್ತದೆ, ಸತ್ವವಿಲ್ಲದ ಗ್ಯಾಸು ಬಿಟ್ಟರೆ ಮತ್ತೊಂದು ರೀತಿ. ಎರಡನ್ನೂ ತಾಳಿಕೊಳ್ಳುವ ಬರ್ನರ್ ಮಾಡುವುದು ಹೇಗೆಂದು ಹೊರದೇಶದ ಎಂಜಿನಿಯರರು ತಲೆ ಕೆಡಿಸಿಕೊಂಡಿದ್ದಾರೆ ಎಂದು ಬರೆದಿತ್ತು. ಓದಿ ಮೊದಲು ಸಂತೋಷವಾಯಿತು, ಹಿಂದೆಯೇ ಎದ್ದು ಹಿತ್ತಲಿಗೆ ಹೋಗಿ ಕೊಳವೆಯನ್ನು ನೋಡಿ ಬಂದೆ. ಆ ತಲೆಬಿಸಿಯನ್ನು ನಾನು ಮೂವತ್ತರ ದಶಕದಲ್ಲೇ, ಅಂಕೋಲೆಯ ಒಂದು ಅಕ್ಕಿ ಗಿರಣಿಯಲ್ಲಿ, ಹುಬ್ಬು ಸುಟ್ಟುಕೊಂಡು ಅನುಭವಿಸಿದ್ದೆ.

ಚಿಂತೆ ಮಾಡುವುದರಲ್ಲಿ ನನ್ನದು ಹುಟ್ಟಾ ಪ್ರತಿಭೆ. ಕಾಳಿ ಹೊಳೆಯ ದಂಡೆಯ ಕಿನ್ನರವೆಂಬ ಊರಿನಲ್ಲಿ ನಾನು ಚಿಕ್ಕವನಿದ್ದಾಗ ಅಪ್ಪ ದೋಣಿ ಹತ್ತಿ ಕಾರವಾರ ಪೇಟೆಗೆ ಹೋದರೆ ದೋಣಿ ಮಗುಚೀತೆಂದು ಚಿಂತಿಸುತ್ತಿದ್ದೆ. ಅವರು ಕ್ಷೇಮವಾಗಿ ಮರಳಿದರೆ, ಮುಂದಿನ ಸಲ ಮಗುಚಲಿಕ್ಕೆ ಉಳಿಯಿತಲ್ಲ ಎಂದು. ಇಂಥವನು ಆಗಬೋಟು ಹತ್ತಿ ಮುಂಬಯಿಗೆ ಹೋಗಿ, ಕಾರ್ಖಾನೆಯೊಂದರಲ್ಲಿ ಬೆಂಕಿ, ಬಾಯ್ಲರು, ಗ್ಯಾಸಿನ ಎಂಜಿನ್ನುಗಳ ನಡುವೆ ಕೆಲಸ ಕಲಿತದ್ದು ಹೇಗೆಂದರೆ, ಹೆದರುವವನ ಕೈಯಲ್ಲಿ ಬಾಯ್ಲರು ಸಿಡಿಯುವುದಿಲ್ಲ ಎಂಬ ಖ್ಯಾತಿ ಅಲ್ಲಿ ನನಗೆ ಬಂದಿತ್ತು. ಕಾರ್ಖಾನೆ ಮುಚ್ಚಿದಾಗ ಆ ಖ್ಯಾತಿಯೊಂದನ್ನೇ ಹೊತ್ತು ಊರಿಗೆ ಮರಳಿದೆ.

ಅಂಕೋಲೆಯ ಆ ಗಿರಣಿಯ ಒಡೆಯರು ನನ್ನನ್ನು ಹುಡುಕಿಕೊಂಡು ಬಂದದ್ದು ಕಟ್ಟಿಗೆಯ ಕಾರಣಕ್ಕೆ. ನಮ್ಮ ಕಡೆ ಊಟಕ್ಕೆ ಕುಚ್ಚಲಕ್ಕಿಯೇ ಆಗಬೇಕು. ಅವರ ಗಿರಣಿಯಲ್ಲಿ ಭತ್ತವನ್ನು ದೊಡ್ಡ ತೊಟ್ಟಿಯಲ್ಲಿ ನೆನೆಸಿ, ನೀರು ಬಸಿದು, ಬಾಯ್ಲರಿನ ಉಗಿ ಹಾಯಿಸಿ ಬೇಯಿಸಿ, ಒಣಗಿಸಿ ಅಕ್ಕಿ ಮಾಡಿಕೊಡುತ್ತಿದ್ದರು. ಬಾಯ್ಲರಿಗೆ ಮರದ ದಪ್ಪ ಕುಂಟೆಗಳೇ, ಇಡೀ ದಿಮ್ಮಿಗಳೇ ಬೇಕು. ಜಂಗಲ್ ಖಾತೆಯವರು ಕಟ್ಟಿಗೆಗೆ ಕಟ್ಟುಪಾಡು ಬಿಗಿ ಮಾಡಿದ ಮೇಲೆ ಕುಂಟೆ ಸಿಗುವುದು ದುರ್ಲಭವಾಯಿತು. ಕರಟ, ಉಮಿ, ಚಕ್ಕೆ, ಗೇರುಬೀಜದ ಸಿಪ್ಪೆ, ಗಾಳಿ ಮರದ ಕಡ್ಡಿ ಬೇಕಾದಷ್ಟಿದ್ದವು. ಅವನ್ನು ಬಾಯ್ಲರಿನ ಅಡಿಗೆ ತುರುಕಿದರೆ ಹೊಗೆಯೇ ಹೆಚ್ಚು.

ನಾನು ಒಂದು ಉಪಾಯ ಹೇಳಿದೆ. ಮಣ್ಣು ಮೆತ್ತಿದ ಕಬ್ಬಿಣದ ಪೀಪಾಯಿಯಲ್ಲಿ ಇವನ್ನೆಲ್ಲ ತುಂಬಿ, ಗಾಳಿ ಸಾಲದಂತೆ ಉರಿಸಿದರೆ ಗ್ಯಾಸು ಹುಟ್ಟುತ್ತದೆ. ಆ ಗ್ಯಾಸನ್ನು ನೀರಿನಲ್ಲಿ ತೊಳೆದು ಕೊಳವೆಯಲ್ಲಿ ತಂದು ಬಾಯ್ಲರಿನ ಅಡಿಯ ಬರ್ನರಿನಲ್ಲಿ ಉರಿಸಿದರಾಯಿತು. ಪೀಪಾಯಿಗೆ ಕರಟವೂ ಒಂದೇ, ಕಡ್ಡಿಯೂ ಒಂದೇ. ಹೀಗೆ ಹೇಳುವಾಗ ಬರ್ನರಿನ ವಿಷಯ ಮರೆತೇಹೋದಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ. ಪೀಪಾಯಿಗೆ ಎಲ್ಲ ಒಂದೇ ನಿಜ, ಬರ್ನರಿಗೆ ಒಂದಲ್ಲ.

ಗ್ಯಾಸಿನಲ್ಲಿ ಸತ್ವ ಹೆಚ್ಚಾದರೆ ಜ್ವಾಲೆ ಹಿಂದಕ್ಕೆ ಓಡಿ ಕೊಳವೆಯೊಳಗೇ ನುಗ್ಗುತ್ತದೆ. ಸತ್ವ ಕಡಿಮೆಯಾದರೆ ಮುಂದಕ್ಕೆ ಹಾರಿ, ಗಾಳಿಯಲ್ಲಿ ನಿಂತಂತೆ ಮಾಡಿ, ಆರಿಹೋಗುತ್ತದೆ. ಹಿಂದೆಯೂ ಹೋಗದಂತೆ, ಮುಂದೆಯೂ ಹಾರದಂತೆ ಅದನ್ನು ಬರ್ನರಿನ ಬಾಯಲ್ಲೇ ಕೂರಿಸುವುದು ಇದರಲ್ಲಿರುವ ಒಟ್ಟು ವಿದ್ಯೆ. ಕಾರವಾರದಲ್ಲಿ ಬಂದರಿನ ಹತ್ತಿರದ ಕಮ್ಮಾರಸಾಲೆಯ ಹಿಂದೆ ನಾನು ಅದನ್ನು ಕೂರಿಸಿದೆ. ಕದ್ರಾ ಕಡೆಯಿಂದ ಕಾಳಿ ಹೊಳೆಯಲ್ಲಿ ದೋಣಿ ಮೇಲೆ ಬರುತ್ತಿದ್ದ ಒಣ ಇದ್ದಿಲು ಹಾಕಿದರೆ ನನ್ನ ಜ್ವಾಲೆ ಪೂಜೆಗೆ ಕೂತವರ ಹಾಗೆ ಅಲುಗಾಡುತ್ತಿರಲಿಲ್ಲ. ಒಡೆಯರು ಬಂದು ನೋಡಿ, ಕೊಂಕಣಿಯಲ್ಲಿ ತಮ್ಮಷ್ಟಕ್ಕೇ ಏನೋ ಹೇಳಿಕೊಂಡು ನನ್ನ ಬೆನ್ನು ತಟ್ಟಿದರು. ಎಲ್ಲವನ್ನೂ ಎತ್ತಿನ ಗಾಡಿಗೆ ಹೇರಿ ಅಂಕೋಲೆಗೆ ಸಾಗಿಸಿದೆವು.

ಅಲ್ಲಿ ಹೋದ ಮೇಲೆ ತಿಳಿದದ್ದು, ಗಿರಣಿಗೆ ಭತ್ತ ತರುವವರು ಇದ್ದಿಲು ತರುವುದಿಲ್ಲ ಎಂದು. ಆ ಸುತ್ತಿನ ಊರುಗಳಲ್ಲಿ ಆಗ ಒಂದು ಪದ್ಧತಿಯಿತ್ತು. ಭತ್ತ ಬೇಯಿಸಲು ತರುವವರು ಉರುವಲನ್ನೂ ತಮ್ಮ ಮನೆಯಿಂದಲೇ ತರಬೇಕು. ತಮ್ಮ ಭತ್ತ ತಮ್ಮ ಕಟ್ಟಿಗೆಯಲ್ಲೇ ಬೇಯಬೇಕು. ಬೇರೆಯವರ ಕಟ್ಟಿಗೆಯಲ್ಲಿ ಬೆಂದ ಅಕ್ಕಿ ಉಂಡರೆ ವರ್ಷವಿಡೀ ಅವರ ಹಂಗು. ಸಮುದ್ರದ ದಂಡೆಯವರು ಕರಟ ತರುವರು, ಗುಡ್ಡದ ಮೇಲಿನ ಬೇಣದ ಹತ್ತಿರದವರು ಗೇರು ಸಿಪ್ಪೆ, ಕಾಡಂಚಿನವರು ಸಿಕ್ಕಿದ ಹಸಿ ಕಟ್ಟಿಗೆ. ಒಬ್ಬೊಬ್ಬರ ಹೊರೆ ಬಿಚ್ಚಿದಾಗಲೂ ಗ್ಯಾಸಿನ ಸತ್ವ ಬದಲಾಗುತ್ತದೆ. ಒಂದೇ ಬರ್ನರು ಅಷ್ಟನ್ನೂ ತಾಳಬೇಕು. ನನ್ನದು ಇದ್ದಿಲಿನ ಶ್ರೀಮಂತಿಕೆಯಲ್ಲಿ ಬೆಳೆದ ಮಗು.

ಹೊಸ ಒಲೆಗೆ ಮೊದಲು ಭತ್ತ ಕೊಡಲು ಯಾರೂ ಮುಂದೆ ಬರಲಿಲ್ಲ. ನೋಡಲು ಮಾತ್ರ ಎಲ್ಲರೂ ಬಂದರು. ಒಡೆಯರು ನನ್ನನ್ನು ಪಕ್ಕಕ್ಕೆ ಕರೆದು, ನನ್ನ ಅಕ್ಕನನ್ನು ಹತ್ತಿರದ ಅಗಸೂರಿಗೆ ಕೊಟ್ಟದ್ದಲ್ಲವೇ, ಒಲೆ ಕಟ್ಟಿದ ಮೇಸ್ತ್ರಿಯ ಒಡಹುಟ್ಟಿದವಳೇ ಭತ್ತ ಹಾಕಿದರೆ ಉಳಿದವರಿಗೂ ನಂಬಿಕೆ ಬರುತ್ತದೆ ಎಂದರು. ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಅಂದಿನಿಂದ ನಿದ್ದೆ ಬರಲಿಲ್ಲ.

ಅಕ್ಕನ ಗಂಡ ತೀರಿಹೋಗಿದ್ದರು. ಅವಳು ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಗೇಣಿ ಗದ್ದೆ ಮಾಡಿ, ಕಣದಲ್ಲಿ ತನ್ನ ಪಾಲಿಗೆ ಬಂದ ಭತ್ತದಲ್ಲೇ ಮಳೆಗಾಲ ದಾಟಿಸುತ್ತಿದ್ದಳು. ಮನೆಯಲ್ಲಿ ಹಂಡೆಯಿಟ್ಟು ಸ್ವಲ್ಪ ಸ್ವಲ್ಪವೇ ಬೇಯಿಸಿಕೊಳ್ಳುವುದು ಅವಳ ಕ್ರಮ. ನಾನು ಕೇಳಿದಾಗ ಬೇಡವೆನ್ನಲಿಲ್ಲ.

“ತಮಾ, ಅರ್ಧ ತರ್ಲಾ, ಎಲ್ಲಾ ತರ್ಲಾ?” ಎಂದಷ್ಟೇ ಕೇಳಿದಳು.

ಅರ್ಧ ಎನ್ನಬಹುದಿತ್ತು. ಆದರೆ ತೊಟ್ಟಿ ತುಂಬದಿದ್ದರೆ ಉಗಿ ಸಮನಾಗಿ ಹಾಯುವುದಿಲ್ಲ ಎಂಬುದು ಯಂತ್ರದ ನಿಯಮ. ನಾನು ಯಂತ್ರದ ಕಡೆಯವನು. ಎಲ್ಲವನ್ನೂ ತಾ ಎಂದೆ. ಅಂದರೆ ಅವಳ ಮನೆಯ ವರ್ಷದ ಅನ್ನ ಅಷ್ಟೂ ಗಾಡಿಯ ಮೇಲೆ ಬಂತು. ಜೊತೆಗೆ ಅವಳ ಕಟ್ಟಿಗೆ: ಹಳ್ಳದ ದಂಡೆಯಲ್ಲಿ ಕಡಿದದ್ದು, ತೊಗಟೆಯಲ್ಲಿ ಇನ್ನೂ ಹಸಿರಿತ್ತು. ಕೈಯಿಟ್ಟರೆ ತಂಪು.

ಭತ್ತ ತೊಟ್ಟಿಯಲ್ಲಿ ನೆನೆಯಿತು. ಬೆಳಿಗ್ಗೆ ನೀರು ಬಸಿದು ಪೀಪಾಯಿಗೆ ಕಟ್ಟಿಗೆ ತುಂಬಿದೆವು. ಬೇಸಿಗೆಯ ದಿನ. ನೆನೆದ ಭತ್ತಕ್ಕೆ ಹೊತ್ತೇರುವುದರೊಳಗೆ ಉಗಿ ಸಿಗದಿದ್ದರೆ ಒಳಗೇ ಹುಳಿಯೇರುತ್ತದೆ. ಆಮೇಲೆ ಅದನ್ನು ಎಮ್ಮೆಯೂ ಮೂಸುವುದಿಲ್ಲ. ನಾನು ಬರ್ನರಿಗೆ ಕೊಳ್ಳಿ ಹಿಡಿದೆ. ಜ್ವಾಲೆ ಎದ್ದಿತು, ಬಾಯಿಯಿಂದ ಒಂದು ಗೇಣು ಮುಂದೆ ಹಾರಿತು, ಅಲ್ಲಿಯೇ ತೂಗಾಡಿತು, ಆರಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು. ಗಾಳಿ ಕಡಿಮೆ ಮಾಡಿದರೆ ಹೊಗೆ, ಹೆಚ್ಚು ಮಾಡಿದರೆ ಅದೂ ಇಲ್ಲ. ಭತ್ತ ತಂದು ಸರದಿಗಾಗಿ ಅಂಗಳದ ನೆರಳಿನಲ್ಲಿ ಕೂತಿದ್ದ ಹೆಂಗಸರು ಮೊದಮೊದಲು ನಗುತ್ತಿದ್ದರು. ಮೇಸ್ತ್ರಿ ಊದುವ ಕೊಳವೆ ತಂದಿದ್ದರೆ ಬೇಗ ಆಗುತ್ತಿತ್ತು ಎಂದು ಒಬ್ಬಳು. ಮುಂಬಯಿ ಒಲೆಗೆ ನಮ್ಮ ಕಟ್ಟಿಗೆ ಒಗ್ಗುವುದಿಲ್ಲ, ಶೀತವಾಗಿದೆ, ಕಷಾಯ ಕುಡಿಸಿ ಎಂದು ಇನ್ನೊಬ್ಬಳು. ಬಿಸಿಲು ಏರಿದ ಹಾಗೆ ಅವರ ನಗು ನಿಂತಿತು. ನನ್ನ ಮುಖ ಹಾಗಿದ್ದಿರಬೇಕು.

ಗಿರಣಿಯಲ್ಲಿ ಇದ್ದಿಲು ಒಂದು ಮೂಲೆಯಲ್ಲಿ ಬಿದ್ದಿತ್ತು. ನಾನು ಅಕ್ಕನ ಹತ್ತಿರ ಹೋಗಿ, ಇದೊಂದು ಸಲ ಇದ್ದಿಲು ಹಾಕೋಣ, ಭತ್ತ ಉಳಿಯುತ್ತದೆ ಎಂದು ಅಂಗಲಾಚಿದೆ. ಅವಳು ತೊಟ್ಟಿಯ ಗೋಡೆಗೆ ಒರಗಿ ನಿಂತಿದ್ದಳು. ಒಳಗಿನ ನೆನೆದ ಭತ್ತವನ್ನು ಆಗಾಗ ಮೂಸುತ್ತಿದ್ದಳು.

“ಗಿರಣಿ ಇದ್ಲಲ್ಲಿ ಬೆಂದ್ರೆ ಅದು ಗಿರಣಿ ಅಕ್ಕಿ,” ಎಂದಳು. “ನನ್ ಅತ್ತೆ ಇದ್ದಷ್ಟ್ ದಿನ ಮಂದಿ ಕಟ್ಟಿಗೆ ಒಳಗ್ ಬರ್ಲಿಲ್ಲ. ನೀ ಕೆಲ್ಸ ಮಾಡು ತಮಾ. ನನ್ ಮಕ ನೋಡ್ಬೇಡ.”

ನೋಡದೆ ಇರುವುದು ಹೇಗೆ? ಆದರೂ ಕೆಲಸ ಮಾಡಿದೆ. ಹತಾಶನಾದವನ ಕೈ ಕೆಲವೊಮ್ಮೆ ತಲೆಗಿಂತ ಮುಂದೆ ಓಡುತ್ತದೆ. ಚಿಮಣಿ ಎಣ್ಣೆಯ ಡಬ್ಬ ಕತ್ತರಿಸಿ ಓರೆಯಾದ ರೆಕ್ಕೆಗಳನ್ನು ಮಾಡಿದೆ. ಅವನ್ನು ಗಾಳಿ ಬರುವ ದಾರಿಯಲ್ಲಿ ಸುತ್ತಲೂ ಕೂರಿಸಿದೆ. ಗಾಳಿ ಈಗ ನೆಟ್ಟಗೆ ನುಗ್ಗದೆ ಸುಳಿಯಂತೆ ತಿರುಗತೊಡಗಿತು. ಸುಳಿಯ ನಡುವೆ ಜ್ವಾಲೆಗೆ ನಿಲ್ಲಲು ಒಂದಿಷ್ಟು ಜಾಗ ಸಿಕ್ಕಿತು. ಬಾಯಿಗೆ ಹಂಚಿನ ಮಣ್ಣಿನ ದಪ್ಪ ಬಟ್ಟಲೊಂದನ್ನು ತೂತು ಮಾಡಿ ಸಿಕ್ಕಿಸಿದೆ. ಅದು ಕಾದು ಕೆಂಪಾದರೆ, ಗ್ಯಾಸು ಎಷ್ಟೇ ಸಪ್ಪೆಯಾಗಿದ್ದರೂ ಅದಕ್ಕೆ ತಾಗಿದ ಕೂಡಲೇ ಹೊತ್ತಿಕೊಳ್ಳಲೇಬೇಕು. ಮಧ್ಯಾಹ್ನ ದಾಟಿದ ಮೇಲೆ ಕೊಳ್ಳಿ ಹಿಡಿದೆ. ಹಾರಿತು, ನಡುಗಿತು, ಹಿಂದೆ ಬಂದಿತು, ಕೂತಿತು. ತೆಳುವಾಗಿ, ಬಡವಾಗಿ, ಆದರೂ ಕೂತಿತು. ಬಾಯ್ಲರು ನಿಧಾನಕ್ಕೆ ಗುಂಯ್‌ಗುಟ್ಟಿತು. ಉಗಿ ತೊಟ್ಟಿಗೆ ಹಾಯತೊಡಗಿತು. ಭತ್ತಕ್ಕೆ ಸಣ್ಣಗೆ ಹುಳಿವಾಸನೆ ಬಂದಿತ್ತು. ಆದರೆ ಸಣ್ಣಗೆ ಮಾತ್ರ. ಹೀಗೇ ಉರಿದರೆ ಸಂಜೆಗೆ ಬೇಯುತ್ತದೆ ಎಂದೆ.

ಅಕ್ಕ ನನ್ನನ್ನು ಗದರಿದಳು. ಬೆಳಗಿನಿಂದ ನೀರೂ ಮುಟ್ಟಿಲ್ಲ, ಎದುರಿನ ಅಂಗಡಿಗೆ ಹೋಗಿ ಚಾ ಆದರೂ ಕುಡಿದು ಬಾ ಎಂದಳು. ಹೋದೆ. ಜೀವನದಲ್ಲಿ ಚಿಂತೆ ಬಿಟ್ಟು ಚಾ ಕುಡಿದದ್ದು ಆ ಒಂದು ಸಲ.

ನಾನು ಅತ್ತ ಹೋದಾಗ ಇತ್ತ ಏನಾಯಿತೆಂಬುದನ್ನು ಆಮೇಲೆ ಕೇಳಿ ತಿಳಿದದ್ದು. ನೆರಳಿನಲ್ಲಿದ್ದ ಹೆಂಗಸರು ಎದ್ದು ಬಂದು ಬೆಂಕಿ ನೋಡಿದರು. ಅವರ ಕಣ್ಣಿಗೆ ಅದು ಬೆಂಕಿಯೇ ಅಲ್ಲ. ಸಾಯಲು ಬಿದ್ದ ದೀಪ. ಬೇರೆಯವರ ಭತ್ತಕ್ಕೆ ಕಟ್ಟಿಗೆ ಹಾಕುವುದು ಪದ್ಧತಿಯಲ್ಲ, ಸರಿ. ಆದರೆ ಆ ಪದ್ಧತಿಯ ಬೆನ್ನಿಗೇ ಇನ್ನೊಂದು ಪದ್ಧತಿಯೂ ಇತ್ತು. ಮದುವೆ ಮನೆಗಾಗಲಿ, ಸಾವಿನ ಮನೆಗಾಗಲಿ, ಊರಿನ ಪ್ರತಿ ಒಲೆಯಿಂದಲೂ ಒಂದಿಷ್ಟು ಕಟ್ಟಿಗೆ ಹೋಗಬೇಕು. ಅದು ಹಂಗಲ್ಲ, ಅದನ್ನು ಬೇಡ ಎನ್ನುವ ಹಾಗೂ ಇಲ್ಲ. ಇವಳದೀಗ ಸಾವಿನ ಮನೆಗಿಂತ ಕಡಿಮೆಯೇ ಎಂದು ಅವರಲ್ಲಿ ಹಿರಿಯಳೊಬ್ಬಳು ಹೇಳಿದಳಂತೆ. ಅಷ್ಟೇ ಸಾಕಾಯಿತು. ಎಲ್ಲರೂ ತಮ್ಮ ಹೊರೆ ಬಿಚ್ಚಿದರು. ಕೊಡುವುದೆಂದ ಮೇಲೆ ಕೀಳಾದದ್ದನ್ನು ಕೊಡುತ್ತಾರೆಯೇ? ಒಣಗಿ ಗಣಗಣ ಎನ್ನುವ ಕರಟ, ಎಣ್ಣೆ ಜಿನುಗುವ ಗೇರು ಸಿಪ್ಪೆ, ಎಲ್ಲವನ್ನೂ ಆರಿಸಿ ಆರಿಸಿ ತಂದರು. ಅಕ್ಕ ಬೇಡವೆನ್ನಲಾರದೆ ಪೀಪಾಯಿಯ ಮುಚ್ಚಳ ತೆಗೆದುಕೊಟ್ಟಳು.

ಚಾದ ಬಟ್ಟಲು ತುಟಿಯ ಹತ್ತಿರವಿತ್ತು. ಗಿರಣಿಯ ಕಡೆಯಿಂದ ಒಂದು ಸಿಳ್ಳೆ ಕೇಳಿತು. ಜ್ವಾಲೆ ಬರ್ನರಿನ ಬಾಯಿ ಬಿಟ್ಟು ಕೊಳವೆಯೊಳಗೆ ಹಿಂದೆ ಓಡುವಾಗ ಹಾಕುವ ಸಿಳ್ಳೆ ಅದು. ಮುಂಬಯಿಯಲ್ಲಿ ಒಮ್ಮೆ ಕೇಳಿದ್ದೆ. ನಾನು ಅಂಗಳಕ್ಕೆ ಮುಟ್ಟಿ, ಬಾಯ್ಲರಿನ ಬಳಿ ಗ್ಯಾಸು ನಿಲ್ಲಿಸಲು ಇದ್ದ ತಿರುಪಿಗೆ ಕೈಹಾಕುವುದಕ್ಕೂ ಅದು ಸಿಡಿಯುವುದಕ್ಕೂ ಸರಿಹೋಯಿತು. ಕೊಳವೆ ಬಿರಿಯಿತು. ಗ್ಯಾಸು ತೊಳೆಯುವ ನೀರೆಲ್ಲ ಹೆಂಚಿನ ಮಾಡಿಗೆ ಚಿಮ್ಮಿ ಕಪ್ಪು ಮಳೆಯಾಗಿ ಇಳಿಯಿತು. ಮಣ್ಣಿನ ಬಟ್ಟಲು ಚೂರಾಯಿತು. ಅದೃಷ್ಟಕ್ಕೆ ಹೆಂಗಸರೆಲ್ಲ ಅಷ್ಟರಲ್ಲಿ ದೂರ ಸರಿದಿದ್ದರು. ಗಾಯವೆಂದರೆ ನನ್ನ ಹುಬ್ಬು ಮಾತ್ರ. ಅವು ಅಂದಿಗೂ ದೊಡ್ಡ ಹುಬ್ಬುಗಳಾಗಿರಲಿಲ್ಲ.

ಪೀಪಾಯಿ ಸೀಳಿತ್ತು. ಅದು ಸರಿಯಾಗಲು ಕಾರವಾರಕ್ಕೆ ಹೋಗಬೇಕು. ತೊಟ್ಟಿಯ ತುಂಬ ಅರ್ಧ ಬೆಂದ ಭತ್ತ. ಹಸಿಯೂ ಅಲ್ಲ, ಕುಚ್ಚಿದ್ದೂ ಅಲ್ಲ. ಹಾಗೆಯೇ ಬಿಟ್ಟರೆ ಮರುದಿನಕ್ಕೆ ಗಂಟುಗಟ್ಟಿ ಕೊಳೆಯುತ್ತದೆ. ಒಡೆಯರು ಬಂದು ನೋಡಿ ಕೊಂಕಣಿಯಲ್ಲಿ ಬೈಯತೊಡಗಿ, ಅಕ್ಕನನ್ನು ಕಂಡು ನಿಲ್ಲಿಸಿದರು. ಪೇಟೆಯಲ್ಲಿ ಕುಂಟೆ ಸಿಗುತ್ತದೆಯೇ ನೋಡಲು ಆಳನ್ನು ಓಡಿಸಿದರು. ಅವನು ಬರಿಗೈಯಲ್ಲಿ ಮರಳಿದ. ಕರಟ ಹಾಕಿದ ಹಿರಿಯ ಹೆಂಗಸು ನನ್ನೆದುರು ನಿಂತು ಸೆರಗಿನ ತುದಿ ತಿರುವುತ್ತಿದ್ದಳು.

“ಬೆಂಕಿಗೆ ಶಕ್ತಿ ಇಲ್ಲ ಅಂತ ಒಂದೊಂದ್ ಮುಷ್ಟಿ ಹಾಕ್ದ್ವಿ ಮಗಾ,” ಎಂದಳು. “ಒಳ್ಳೇದೇ ಹಾಕ್ದ್ವಿ. ಕೆಟ್ಟದ್ ಹಾಕ್ಲಿಲ್ಲ.”

ಅದು ನನಗೆ ಗೊತ್ತಿತ್ತು. ಕೆಟ್ಟದ್ದು ಹಾಕಿದ್ದರೆ ಬರ್ನರು ಬದುಕುತ್ತಿತ್ತು. ಬಡತನಕ್ಕೆ ತಡೆಯುವ ಹಾಗೆ ನಾನು ಅದನ್ನು ಆಗಷ್ಟೇ ತಿದ್ದಿದ್ದೆ. ಧಾರಾಳತನ ಬಂದೀತು ಎಂದು ಲೆಕ್ಕ ಹಾಕಿರಲಿಲ್ಲ. ಏನೆಲ್ಲ ಕೆಡಬಹುದೆಂದು ಹಗಲಿರುಳು ಯೋಚಿಸುವ ನನ್ನ ತಲೆಗೆ, ಜನ ಒಳ್ಳೆಯತನ ತೋರಿದರೆ ಏನು ಗತಿ ಎಂಬ ಚಿಂತೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಅಂಗಳದಲ್ಲಿ ಕೂತುಬಿಟ್ಟೆ. ಅಳು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. ಅಕ್ಕನ ಇಬ್ಬರು ಮಕ್ಕಳ ಮುಖ, ಆಷಾಢದ ಮಳೆ, ಬರಿದಾದ ಅಕ್ಕಿಯ ಮಡಕೆ, ಒಂದಾದ ಮೇಲೆ ಒಂದು ಕಣ್ಣ ಮುಂದೆ ಬಂದವು. ಅಕ್ಕ ಬೈದಿದ್ದರೆ ಅದಕ್ಕೊಂದು ಅಂತ್ಯ ಸಿಗುತ್ತಿತ್ತು. ಅವಳು ಬೈಯಲಿಲ್ಲ. ತೊಟ್ಟಿಗೆ ಕೈಹಾಕಿ ಒಂದು ಹಿಡಿ ಭತ್ತ ತೆಗೆದು, ಹಲ್ಲಿನಲ್ಲಿ ಕಚ್ಚಿ ನೋಡಿ, ಹೆಡಿಗೆ ಎಲ್ಲಿದೆ ಎಂದು ಕೇಳಿದಳು.

ಹೆಂಗಸರು ಹೆಡಿಗೆಗಳನ್ನು ತಂದರು. ಯಾರು ಯಾರಿಗೆ ಹೇಳಿದರೋ ತಿಳಿಯದು. ಬಿಸಿ ಭತ್ತವನ್ನು ತುಂಬಿಕೊಂಡು ಅಂಗಳದಲ್ಲೂ ಸುತ್ತಲಿನ ಮನೆಗಳಲ್ಲೂ ಹಂಡೆಗಳನ್ನು ಹೂಡಿದರು. ಒಬ್ಬೊಬ್ಬರ ಹಂಡೆಯ ಅಡಿಗೆ ಒಬ್ಬೊಬ್ಬರ ಉರುವಲು. ನಾನು ಹೊತ್ತೆ, ಸುರಿದೆ, ಕಾಲು ಸುಟ್ಟುಕೊಂಡೆ. ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ತೊಟ್ಟಿಯ ಅಡಿಯ ಭತ್ತ ಕೈಗೆ ಬರುವ ಹೊತ್ತಿಗೆ ಅದು ಪೂರಾ ಹುಳಿಯಾಗಿತ್ತು. ಅದನ್ನು ಗೊಬ್ಬರದ ಗುಂಡಿಗೆ ಚೆಲ್ಲುವಾಗ ಅಕ್ಕ ಬೇರೆ ಕಡೆ ನೋಡಿದಳು. ಉಳಿದದ್ದನ್ನು ಒಣಗಿಸಿ, ಕುಟ್ಟಿಸಿ, ಗಾಡಿಗೆ ಹೇರಿ ಕಳಿಸಿದೆವು. ಹೋಗುವಾಗ ಅದರಷ್ಟು ಭಾರದ ಗಾಡಿ ನಾನು ನೋಡಿಲ್ಲ, ಬಂದಾಗಿನದಕ್ಕಿಂತ ಹಗುರವಿದ್ದರೂ.

ಆ ಮಳೆಗಾಲದಲ್ಲಿ ಅಗಸೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಉಂಡೆ. ಒಂದೇ ತುತ್ತಿನಲ್ಲಿ ಒಂದು ಅಗುಳು ಕಲ್ಲು, ಒಂದು ಮುದ್ದೆ, ಒಂದಕ್ಕೆ ಹೊಗೆಯ ವಾಸನೆ. ಊರಿನ ಒಲೆಗಳೆಲ್ಲ ಬಟ್ಟಲಿನಲ್ಲಿ ಕೂತಿದ್ದವು. ಹುಳಿವಾಸನೆ ಅಡಗಿಸಲು ಅವಳು ಸಾರಿಗೆ ಮುರುಗಲ ಸಿಪ್ಪೆ ಹೆಚ್ಚಿಗೆ ಹಾಕಿದ್ದಳು. ಅಕ್ಕಿ ದೀಪಾವಳಿಯವರೆಗೆ ಬರುವುದಿಲ್ಲವೆಂದು ಮಡಕೆ ನೋಡಿದರೇ ಗೊತ್ತಾಗುತ್ತಿತ್ತು. ನಾನು ಕಾರವಾರದಿಂದ ಒಂದು ಚೀಲ ಅಕ್ಕಿ ತಂದಿದ್ದೆ. ಅದನ್ನು ಅವಳು ಬೇಡವೆನ್ನಲಿಲ್ಲ. ಸಾವಿನ ಮನೆಗೆ ಬಂದದ್ದೆಂದು ಇಟ್ಟುಕೊಂಡಳೋ, ತಮ್ಮನದೆಂದು ಇಟ್ಟುಕೊಂಡಳೋ, ಕೇಳುವ ಧೈರ್ಯವಾಗಲಿಲ್ಲ.

ಒಡೆಯರಿಗೆ ಬೇರೆ ದಾರಿಯಿರಲಿಲ್ಲ. ಕುಂಟೆ ಇನ್ನೂ ದುರ್ಲಭವಾಗಿತ್ತು. ಹಾಗಾಗಿ ನನಗೆ ಇನ್ನೊಂದು ಅವಕಾಶ ಸಿಕ್ಕಿತು. ಈ ಸಲ ಕಾರವಾರದಲ್ಲಿ ಇದ್ದಿಲನ್ನು ಮುಟ್ಟಲೇ ಇಲ್ಲ. ನೀರಿನಲ್ಲಿ ಅದ್ದಿದ ಕಟ್ಟಿಗೆ ಹಾಕಿ ನೋಡಿದೆ, ಬರಿ ಗೇರು ಸಿಪ್ಪೆ ಹಾಕಿ ನೋಡಿದೆ, ಒಂದರ ಮೇಲೊಂದು ಸುರಿದು ನೋಡಿದೆ. ಕರಟ ಬೇಡಿಕೊಂಡು ಮನೆ ಮನೆ ತಿರುಗಿದ್ದರಿಂದ, ಮೇಸ್ತ್ರಿಗೆ ಮುಂಬಯಿಯ ಗಾಳಿ ಹಿಡಿದಿದೆ ಎಂಬ ಸುದ್ದಿಯೂ ಹಬ್ಬಿತು. ರೆಕ್ಕೆಗಳನ್ನೂ ಬಟ್ಟಲನ್ನೂ ಉಳಿಸಿಕೊಂಡು, ಅವುಗಳ ಹಿಂದೆ ಸಣ್ಣ ಸಣ್ಣ ಕೊಳವೆಗಳ ಒಂದು ಕಟ್ಟು ಇಟ್ಟೆ. ಜ್ವಾಲೆ ಹಿಂದೆ ಓಡಲು ಬಂದರೆ ಆ ಕಿರಿದಾದ ದಾರಿಗಳಲ್ಲಿ ಅದರ ಬಿಸಿ ಇಂಗಿ ಅಲ್ಲಿಯೇ ಸಾಯಬೇಕು.

ಮರುವರ್ಷ ಅಂಕೋಲೆಯಲ್ಲಿ ಬರ್ನರು ಕೂರಿಸಿದ ದಿನ ಅಕ್ಕ ಬಂದಳು. ನಾನು ಹೇಳಿ ಕಳಿಸಿರಲಿಲ್ಲ. ಗಾಡಿ ನೋಡಿದೆ. ಅದರಲ್ಲಿ ಭತ್ತ ಅರ್ಧದಷ್ಟೇ ಇತ್ತು. ಅವಳೇ ಹೇಳಿದಳು, ಉಳಿದರ್ಧ ಮನೆಯಲ್ಲಿ ಹಂಡೆಯಲ್ಲಿ ಬೇಯುತ್ತದೆ ಎಂದು. ತೊಟ್ಟಿ ತುಂಬುವುದಿಲ್ಲ, ಉಗಿ ಸಮನಾಗಿ ಹಾಯುವುದಿಲ್ಲ. ನಾನು ಆ ಮಾತೆತ್ತಲಿಲ್ಲ.

ಅವಳ ಹಸಿ ಕಟ್ಟಿಗೆಯಲ್ಲಿ ಜ್ವಾಲೆ ಕೂತಿತು. ಉಗಿ ಹಾಯುತ್ತಿದ್ದಾಗ ಅವಳು ಮಡಿಲಿನಿಂದ ಒಂದಿಷ್ಟು ಕರಟ, ಗೇರು ಸಿಪ್ಪೆ ತೆಗೆದಳು. ಅವೂ ಅವಳ ಮನೆಯವೇ.

“ಹಾಕ್ಲಾ ತಮಾ?”

ಭತ್ತ ಬೇಯುತ್ತಿರುವಾಗ ಇದು ಬೇಕೇ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಮುಂದಿನ ವರ್ಷ ಎಲ್ಲಾ ತರಲೋ ಅರ್ಧ ತರಲೋ ಎಂದು ಕೇಳುತ್ತಿದ್ದಳು. ಹಾಕು ಎಂದೆ. ಪೀಪಾಯಿಯ ಮುಚ್ಚಳ ಮುಚ್ಚಿದ ಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಜ್ವಾಲೆ ಕುಗ್ಗಿ ನೀಲಿಯಾಯಿತು, ಬಾಯಿಯೊಳಗೆ ಒಂದು ಬೆರಳಷ್ಟು ಹಿಂದೆ ಸರಿಯಿತು. ಸಿಳ್ಳೆ ಕೇಳಿತು, ತೀರಾ ಸಣ್ಣಗೆ. ನನ್ನ ಕೈ ತಿರುಪಿನ ಮೇಲಿತ್ತು. ಅಕ್ಕ ಹಿಂದೆ ಸರಿಯಲಿಲ್ಲ. ಸಿಳ್ಳೆ ನಿಂತಿತು. ಜ್ವಾಲೆ ಮತ್ತೆ ಬಾಯಿಗೆ ಬಂದು ಅಲ್ಲಿಯೇ ಉರಿಯಿತು.

“ಈಗ್ ಹೋಗಿ ಚಾ ಕುಡ್ದ್ ಬಾ,” ಎಂದಳು ಅಕ್ಕ.

ನಾನು ಹೋಗಲಿಲ್ಲ. ಭತ್ತ ಬೆಂದು, ಬೆಂಕಿ ಆರಿಸಿ, ಪೀಪಾಯಿ ತಣ್ಣಗಾಗುವವರೆಗೂ ತಿರುಪು ಹಿಡಿದು ಅಲ್ಲಿಯೇ ನಿಂತಿದ್ದೆ. ಕಡೆಗೆ ಅವಳೇ ಹೋಗಿ ಒಂದು ಬಟ್ಟಲು ಚಾ ತಂದು ನನ್ನ ಬಾಯಿಗೆ ಹಿಡಿದಳು.